ನಿಂಬೆವ್ವ ಮುಚ್ಚಳ ಎಲ್ಲಿಟ್ಟಳು

ಬೇಗೆಯ ನಂತರದ ಇನ್ನೂರ ಹದಿನೇಳನೆಯ ವರ್ಷ, ಉರಿಗಾಲದ ಮೂವತ್ತೊಂಬತ್ತನೆಯ ತಾರೀಖು
ಕೆಳಗಿನ ಓಣಿ, ಡೋಣಿ ದಂಡೆ

ತಗಡಿನ ಪೆಟ್ಟಿಗೆಯನ್ನು ತುಂಬಿ ಮಣ್ಣಿನಲ್ಲಿ ಬಿಟ್ಟುಹೋದವರಿಗೆ ಫಕೀರವ್ವ ಮಾಡುವ ಶರಣಾರ್ಥಿ.

ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಮೊದಲ ಸಾಲನ್ನು ಬರೆದು ಬರೆದು ಅಳಿಸಿದ್ದೇನೆ. ನೀವು ನಮಗಿಂತ ಬಹಳ ಹಿಂದಿನವರು, ಆದ್ದರಿಂದ ಹಿರಿಯರು. ಆದರೆ ಪೆಟ್ಟಿಗೆ ತುಂಬಿದ ದಿನ ನಿಮಗೆ ನನಗಿಂತ ಕಡಿಮೆ ವಯಸ್ಸೇ ಇದ್ದಿರಬಹುದು. ಹಾಗಿದ್ದರೆ ನೀವು ನನ್ನ ತಂಗಿಯೋ ಅಜ್ಜಿಯೋ ನನಗೆ ತಿಳಿಯದು. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತದ್ದು. ಬರೆಯಲು ಬರುತ್ತದೆ, ಬಾಯಿ ತೆರೆದರೆ ಮಾತ್ರ ಮನೆಯ ಮಾತೇ ಬರುತ್ತದೆ. ನಮ್ಮಲ್ಲಿ ನಡೆದದ್ದನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ಅದರಲ್ಲಿ ಅರ್ಧ ನನಗೇ ಅರ್ಥವಾಗಿಲ್ಲ. ಬರೆಯಲು ಕೂತದ್ದೂ ಅದಕ್ಕೇ.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ಮೇಲಿನ ಬಿಸಿಲು ತಾಳಲಾರದೆ ಮುತ್ತಜ್ಜಂದಿರ ಕಾಲದಲ್ಲೇ ನಮ್ಮ ಊರು ನೆಲದ ಕೆಳಗೆ ಇಳಿದಿದೆ. ಕರಿಮಣ್ಣಿನ ಅಡಿಯ ಕಲ್ಲನ್ನು ಕೊರೆದು ಓಣಿಗಳನ್ನು ಮಾಡಿದ್ದಾರೆ, ಓಣಿಯ ಎರಡೂ ಬದಿಗೆ ಮನೆಗಳಿವೆ. ಓಣಿಯ ತುದಿಯಲ್ಲಿ ಒಂದು ಉಸಿರುಗಂಬ ಇರುತ್ತದೆ. ಅದು ಒಳಗೆ ಟೊಳ್ಳಾದ ದೊಡ್ಡ ಕಂಬ, ಬುಡದ ಗುಂಡಿಯಲ್ಲಿ ಅದರ ಯಂತ್ರ. ಮನೆಗಳ ಬಿಸಿಗಾಳಿಯನ್ನು ಎಳೆದು ಮೇಲಕ್ಕೆ ಬಿಡುತ್ತದೆ, ಆಳದ ಬಾವಿಯ ತಂಪು ಗಾಳಿ ಆ ಜಾಗಕ್ಕೆ ತಾನಾಗಿ ಬಂದು ತುಂಬುತ್ತದೆ. ಇದಕ್ಕಾಗಿ ಪ್ರತಿ ಮನೆಯ ಗೋಡೆಯಲ್ಲೂ ನೆಲಕ್ಕೆ ಹತ್ತಿರ ಒಂದು ತೂತು ಇದೆ. ಅದನ್ನು ನಾವು ಬಾಯಿ ಎನ್ನುತ್ತೇವೆ. ಉಸಿರುಗಂಬವನ್ನು, ನಮ್ಮ ಮಾತಿನಲ್ಲಿ ಬರೀ ಗಂಬವನ್ನು, ನೋಡಿಕೊಳ್ಳುವವಳು ಉಸಿರುಗಾರ್ತಿ. ನಮ್ಮ ಓಣಿಯ ಉಸಿರುಗಾರ್ತಿ ನನ್ನ ತಮ್ಮನ ಹೆಂಡತಿ ನೀಲವ್ವ. ತಮ್ಮ ಬಾಳಪ್ಪ ಕಲ್ಲು ಕೊರೆಯುವ ಕೆಲಸದವನು. ಇಬ್ಬರೂ ಕೆಲಸಕ್ಕೆ ಹೋದರೆ ಅವರ ಮಗಳು ನಿಂಬೆವ್ವ ನನ್ನ ಬಳಿ ಇರುತ್ತಾಳೆ.

ನಿಮ್ಮ ಮನೆಯಲ್ಲಿ ಸಾಮಾನು ಇರುತ್ತಿತ್ತಂತೆ. ನಮ್ಮಲ್ಲಿ ಇಲ್ಲ. ಊಟದ ಹೊತ್ತಿಗೆ ಗೋಡೆಯ ಗೂಡಿನಲ್ಲಿ ಗಂಜಿಯ ಬಟ್ಟಲು ಬಂದು ನಿಲ್ಲುತ್ತದೆ, ಉಂಡ ಮೇಲೆ ಅಲ್ಲೇ ಇಟ್ಟರೆ ಗೋಡೆ ಅದನ್ನು ಒಳಗೆಳೆದುಕೊಳ್ಳುತ್ತದೆ. ಹಾಸಿಗೆಯೂ ಹಾಗೆ, ಬಟ್ಟೆಯೂ ಹಾಗೆ. ಬಳಸದಿದ್ದಾಗ ಮನೆ ಎಂದರೆ ನುಣ್ಣನೆಯ ನಾಲ್ಕು ಗೋಡೆ, ಅಷ್ಟೇ. ಕೈಯಲ್ಲಿ ಹಿಡಿದು ಇದು ನಂದು ಎನ್ನುವಂಥದ್ದು ಒಂದೂ ಇರುವುದಿಲ್ಲ. ಇದು ಕೊರತೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಹೋದ ತಂಪುಗಾಲದಲ್ಲಿ ಬಾಳಪ್ಪ ಹೊಸ ಕೋಣೆಗೆಂದು ಮಣ್ಣು ತೆಗೆಯುವಾಗ ನಿಮ್ಮ ಪೆಟ್ಟಿಗೆ ಸಿಕ್ಕಿತು. ತುಕ್ಕು ತಿಂದು ಮುಟ್ಟಿದರೆ ಪುಡಿಯಾಗುವಂತಿತ್ತು. ಒಳಗೆ ಚಿನ್ನ ಇದ್ದೀತು ಎಂದು ಓಣಿಯವರೆಲ್ಲ ಸುತ್ತ ನಿಂತರು. ಒಳಗಿದ್ದದ್ದನ್ನು ನೋಡಿ ಒಬ್ಬೊಬ್ಬರಾಗಿ ಮನೆಗೆ ಹೋದರು. ಯಾವುದು ಏನೆಂದೇ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಿದ್ದವನು ಪರಸಪ್ಪಜ್ಜ ಒಬ್ಬನೇ, ಅವನಿಗೂ ಅರ್ಧಂಬರ್ಧ. ಅವನು ಗಂಬಕ್ಕೆ ಅಂಟಿಕೊಂಡ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಎದೆ ಸರಿಯಿಲ್ಲದವರಿಗೆ ಗಾಳಿ ಚೆನ್ನಾಗಿ ಸಿಗಲಿ ಎಂದು ಆ ಮನೆಯನ್ನು ಬಿಟ್ಟಿದ್ದಾರೆ. ಅಜ್ಜನಿಗೆ ಕಣ್ಣೂ ಕಾಣಿಸುವುದಿಲ್ಲ. ಅವನ ಅಜ್ಜಿ ಹಳೆಯ ಕಾಲದ ಮಾತುಗಳನ್ನು ಹೇಳುತ್ತಿದ್ದಳಂತೆ. ನಾನು ಒಂದೊಂದನ್ನೇ ಅವನ ಕೈಗೆ ಕೊಟ್ಟೆ, ಅವನು ತಡವಿ ನೋಡಿ ಹೇಳಿದ. ಇದು ಸೌಟು. ಇದು ಸ್ಟೀಲಿನ ಡಬ್ಬಿ, ಇದು ಅದರ ಮುಚ್ಚಳ. ಇದು ಪ್ಲಾಸ್ಟಿಕ್ಕಿನ ಮಗ್ಗು, ನೀರಿಗೆ. ಇದು ಚಪ್ಪಲಿ. ದಪ್ಪನೆಯ ಒಂದು ಸಣ್ಣ ಲೋಹದ ತುಂಡನ್ನು ಮೂಗಿನ ಹತ್ತಿರ ಹಿಡಿದು, ಕಿವಿಯ ಹತ್ತಿರ ಹಿಡಿದು, "ಇದು ಕುಕ್ಕರಿನ ಸೀಟಿ ಇರಬೇಕು. ಅಡಗಿ ಆತು ಅಂತ ಇದು ಒದರತಿತ್ತಂತ" ಎಂದ. ತಂತಿಯ ಸುರುಳಿ ಇದ್ದ ಎರಡು ಕಡ್ಡಿಯ ವಸ್ತುವನ್ನು ಕೊಟ್ಟಾಗ ಅದು ಅವನ ಬೆರಳು ಹಿಡಿಯಿತು. "ಇದರ ಹೆಸರು ಗೊತ್ತಿಲ್ಲವಾ. ಕಚ್ಚತೈತಿ, ಇಷ್ಟ ಗೊತ್ತು" ಎಂದು ಕೈ ಕೊಡವಿದ.

ಆಗ ನಿಂಬೆವ್ವನಿಗೆ ನಡಿಗೆ ಬಂದು ಸ್ವಲ್ಪವೇ ದಿನವಾಗಿತ್ತು. ಮಾತು ಬಂದಿರಲಿಲ್ಲ. ನನ್ನನ್ನು "ತ್ತಿ" ಎನ್ನುತ್ತಿದ್ದಳು, ಊಟಕ್ಕೆ "ಮಮ್ಮ" ಎನ್ನುತ್ತಿದ್ದಳು, ಉಳಿದದ್ದಕ್ಕೆಲ್ಲ ಬೆರಳು ತೋರಿಸುತ್ತಿದ್ದಳು. ಆ ವಸ್ತುಗಳನ್ನು ನೆಲದ ಮೇಲೆ ಹರವಿದ ದಿನ ಅವಳು ಅವುಗಳ ನಡುವೆ ಹೋಗಿ ಕೂತವಳು ಏಳಲೇ ಇಲ್ಲ.

ಡಬ್ಬಿಯ ಮುಚ್ಚಳ ತೆಗೆಯುವಳು, ಒಳಗೆ ಇಣುಕುವಳು, ಏನೂ ಇಲ್ಲ. ಮುಚ್ಚುವಳು. ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿ ಏನೂ ಗೊತ್ತಿಲ್ಲದವಳ ಹಾಗೆ ಇದ್ದು, ಗಕ್ಕನೆ ಮತ್ತೆ ತೆಗೆಯುವಳು. ಈಗಲೂ ಏನೂ ಇಲ್ಲ. ಅದಕ್ಕೆ ಹೊಟ್ಟೆ ಹಿಡಿದು ನಗುವಳು. ಮಗ್ಗನ್ನು ತಲೆಗೆ ಹಾಕಿಕೊಂಡು ನಡೆಯುವಳು, ಬಾಗಿಲ ಚೌಕಟ್ಟಿಗೆ ಬಡಿದುಕೊಂಡು ಕೂರುವಳು, ಮಗ್ಗು ತೆಗೆದು ಚೌಕಟ್ಟನ್ನು ದುರುಗುಟ್ಟಿ ನೋಡುವಳು. ಕಚ್ಚುವ ಕಡ್ಡಿಗೆ ಬೆರಳು ಕೊಟ್ಟು ಅಳುವಳು, ಅಳು ಮುಗಿಯುವ ಮೊದಲೇ ಇನ್ನೊಂದು ಬೆರಳು ಕೊಡುವಳು. ಎಲ್ಲಕ್ಕಿಂತ ಮುಚ್ಚಳದ ಮೇಲೆ ಪ್ರೀತಿ ಹೆಚ್ಚು. ಅದನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿದರೆ ಅದು ಸುತ್ತಿ ಸುತ್ತಿ, ನಡುಗಿ ನಡುಗಿ, ಕೊನೆಗೆ ತಟ್ಟನೆ ಮಲಗುತ್ತಿತ್ತು. ಮಲಗಿದ ಕೂಡಲೇ ಅವಳೂ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದಳು.

ನೀಲವ್ವ ಇದನ್ನು ನೋಡಿ ಹೆದರಿದಳು. "ಯಕ್ಕಾ, ಹುಡುಗಿಗೆ ಏನರ ಆಗೇತೇನ್ರಿ? ದಿನವೆಲ್ಲಾ ಖಾಲಿ ಡಬ್ಬಿ ನೋಡಿ ನಗತಾಳ" ಎಂದಳು. ಒಂದು ಮಧ್ಯಾಹ್ನವಂತೂ ನಾನೂ ದಿಗಿಲುಬಿದ್ದೆ. ನಿಂಬೆವ್ವ ಸೌಟನ್ನು ಹಿಡಿದು ಡಬ್ಬಿಯೊಳಗೆ ಗುಂಡಗೆ ತಿರುವುತ್ತಿದ್ದಳು, ನಡುನಡುವೆ ಎತ್ತಿ ತುಟಿಗೆ ಹಚ್ಚಿ ರುಚಿ ನೋಡುತ್ತಿದ್ದಳು. ನಮ್ಮ ಓಣಿಯಲ್ಲಿ ಯಾರಾದರೂ ಅಡುಗೆ ಮಾಡುವುದನ್ನು ಅವಳು ಕಂಡಿಲ್ಲ. ನಾನೂ ಕಂಡಿಲ್ಲ. ಅಜ್ಜನಿಗೆ ಹೇಳಿದೆ, ಅವನು "ಕೈಗೆ ನೆನಪಿರತೈತೋ ಏನೋ" ಎಂದ. ಹಾಗಾದರೆ ಮಗ್ಗನ್ನು ತಲೆಗೆ ಹಾಕಿಕೊಳ್ಳುವುದು ಯಾವ ನೆನಪು ಎಂದು ಕೇಳಿದರೆ, ಮಗ್ಗನ್ನು ಇಸಿದುಕೊಂಡು ತನ್ನ ತಲೆಗೂ ಒಮ್ಮೆ ಇಟ್ಟು ನೋಡಿದ.

ದಿನಕ್ಕೊಂದು ಸಲ ನಾನು ಅವಳನ್ನು ಅಜ್ಜನ ಮನೆಗೆ ಕರೆದೊಯ್ಯುತ್ತಿದ್ದೆ. ಕಲ್ಲಿನಲ್ಲೇ ಕೊರೆದ ಅಜ್ಜನ ಮಂಚದ ಪಕ್ಕದಲ್ಲಿ ಅವಳನ್ನು ಬಿಟ್ಟು ಬಾವಿಗೆ ಹೋಗಿ ಬರುವಷ್ಟು ಹೊತ್ತು ಇಬ್ಬರೂ ಇರುತ್ತಿದ್ದರು. ನನ್ನ ಕಣ್ಣಿಗೆ ಅದರಲ್ಲಿ ಏನೂ ವಿಶೇಷ ಕಾಣಿಸಲಿಲ್ಲ.

ಉರಿಗಾಲ ಶುರುವಾದ ಮೇಲೆ ಸಾಮಾನು ಕಾಣೆಯಾಗತೊಡಗಿತು. ಮೊದಲು ಸೀಟಿ, ಆಮೇಲೆ ಕಚ್ಚುವ ಕಡ್ಡಿ, ಆಮೇಲೆ ಸೌಟು. ನುಣ್ಣನೆಯ ನಾಲ್ಕು ಗೋಡೆಯ ಮನೆಯಲ್ಲಿ ಒಂದು ವಸ್ತು ಕಳೆದುಹೋಗುವುದಾದರೂ ಹೇಗೆ? ನಾವು ಮೂವರೂ ಬರಿನೆಲವನ್ನು ಹುಡುಕಿದೆವು. ನಮಗೆ ಹುಡುಕುವುದೇ ಬರುತ್ತಿರಲಿಲ್ಲ, ಜನ್ಮದಲ್ಲಿ ಏನನ್ನೂ ಕಳೆದುಕೊಂಡವರಲ್ಲ. ಬಾಳಪ್ಪ ನನ್ನನ್ನು ಅನುಮಾನದಿಂದ ನೋಡಿದ, ನಾನು ನೀಲವ್ವನನ್ನು ನೋಡಿದೆ. ನಿಂಬೆವ್ವ ಮಾತ್ರ ಯಾವ ಚಿಂತೆಯೂ ಇಲ್ಲದೆ ಮುಚ್ಚಳ ತಿರುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಮುಚ್ಚಳವೂ ಇರಲಿಲ್ಲ. ಅದೇ ಬೆಳಿಗ್ಗೆ ಗಂಬ ನಿಂತಿತು.

ಗಂಬ ನಿಂತರೆ ಹೇಗಿರುತ್ತದೆ ಎಂದು ನಿಮಗೆ ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಒಂದು ಸದ್ದು ಇಲ್ಲವಾಗುತ್ತದೆ. ಜನ ಏನಾಯಿತೆಂದು ತಿಳಿಯದೆ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಸೆಕೆ ಏರುತ್ತದೆ. ನೀಲವ್ವ ಗಂಬದ ಗುಂಡಿಗೆ ಇಳಿದು ಯಂತ್ರವನ್ನೆಲ್ಲ ಬಿಚ್ಚಿದಳು, ಯಂತ್ರದಲ್ಲಿ ತೊಂದರೆ ಇರಲಿಲ್ಲ. ಮತ್ತೆ ಜೋಡಿಸಿದಳು, ಮತ್ತೆ ಬಿಚ್ಚಿದಳು. ಮೇಲೆ ನಿಂತ ಪಂಚರಲ್ಲಿ ಒಬ್ಬ ಕೂಗಿದ: "ಸಣ್ಣ ಕೂಸಿನ ತಾಯಿಗೆ ಗಂಬ ಕೊಡಬ್ಯಾಡ್ರಿ ಅಂತ ನಾ ಅವತ್ತ ಹೇಳಿದ್ನಿ." ಗುಂಡಿಯೊಳಗೆ ಸುತ್ತಿಗೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಕೇಳಿಸಿತು.

ಪರಸಪ್ಪಜ್ಜನನ್ನು ಎತ್ತಿ ಬಾವಿಯ ಕಟ್ಟೆಯ ಮೇಲೆ ಮಲಗಿಸಿದರು, ಇನ್ನೂ ತಂಪಿದ್ದದ್ದು ಅಲ್ಲೇ. ಅವನ ಉಸಿರು ಗೊರಗೊರ ಎನ್ನುತ್ತಿತ್ತು. ಸಂಜೆಯೊಳಗೆ ಗಂಬ ಎಳೆಯದಿದ್ದರೆ ಎಲ್ಲರೂ ಓಣಿ ಬಿಟ್ಟು ಮೇಲಿನ ಬಿಸಿಲಲ್ಲಿ ನಡೆದು ಇನ್ನೊಂದು ಊರಿಗೆ ಹೋಗಬೇಕು. ಅಜ್ಜ ಅಷ್ಟು ದೂರ ಬದುಕಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಾನು ಅವನ ಎದೆ ನೀವುತ್ತ ಕೂತೆ. ನಿಂಬೆವ್ವ ನನ್ನ ಸೆರಗು ಹಿಡಿದು ಮುಚ್ಚಳಕ್ಕಾಗಿ ಅಳುತ್ತಿದ್ದಳು.

ಆ ಅಳು ಕೇಳುತ್ತ ಕೇಳುತ್ತ ನನಗೆ ಒಂದು ವಿಷಯ ಹೊಳೆಯಿತು. ಯಂತ್ರ ಸರಿಯಿದೆ, ಗಾಳಿ ಹೋಗುತ್ತಿಲ್ಲ. ಮನೆಯಿಂದ ಒಂದೊಂದಾಗಿ ಸಾಮಾನು ಹೋಗಿದೆ, ನಿನ್ನೆಯೋ ಇವತ್ತೋ ಮುಚ್ಚಳವೂ ಹೋಗಿದೆ. ಎದ್ದು ಗುಂಡಿಯ ಬಳಿಗೆ ಓಡಿದೆ.

"ನೀಲವ್ವಾ, ಯಂತ್ರ ಬಿಡು. ಗಂಬದ ಗಂಟಲಾಗ ಏನೋ ಸಿಕ್ಕೈತಿ. ಮುಚ್ಚಳ ಸಿಕ್ಕೈತಿ."

ಅವಳು ಎಣ್ಣೆ ಮೆತ್ತಿದ ಮುಖ ಎತ್ತಿ ನನ್ನನ್ನು ನೋಡಿದಳು. "ಯಾವ ಬಾಯಾಗ ಹಾಕ್ಯಾಳ?" ಅಷ್ಟೇ ಕೇಳಿದಳು.

ಅದೇ ಯಾರಿಗೂ ಗೊತ್ತಿರಲಿಲ್ಲ. ಬಾಯಿಗಳಿಂದ ಗಂಬಕ್ಕೆ ಹೋಗುವ ಕೊಳವೆ ಎಲ್ಲ ಮನೆಗಳ ಗೋಡೆಯ ಹಿಂದೆ ಕಲ್ಲಿನೊಳಗೆ ಓಡುತ್ತದೆ. ಒಂದೇ ಕಡೆ ಒಡೆದರೆ ಅಲ್ಲಿ ತೊಗಲು ಬಿಗಿದು ಹೇಗೋ ನಡೆಸಬಹುದು. ಹುಡುಕುತ್ತ ಅಲ್ಲಲ್ಲಿ ಒಡೆದರೆ ಅವನ್ನೆಲ್ಲ ಮುಚ್ಚಿ ಗಟ್ಟಿಯಾಗುವವರೆಗೆ ಗಂಬ ಎಳೆಯುವುದಿಲ್ಲ, ಅದಕ್ಕೆ ದಿನಗಟ್ಟಲೆ ಬೇಕು. ಮನೆಮನೆಗೂ ಬಾಯಿಯ ಮುಂದೆ ಜಾಲರಿ ಇದೆ, ಯಾವುದು ಸಡಿಲಾಗಿದೆಯೋ ನೋಡೋಣವೆಂದರೆ ಹಳೆಯ ಓಣಿ, ಅರ್ಧದಷ್ಟು ಸಡಿಲಾಗಿಯೇ ಇದ್ದವು. ಮಗು ಎಲ್ಲರ ಮನೆಗೂ ಹೋಗುತ್ತಿತ್ತು.

ಬಾಳಪ್ಪ ಮಗಳನ್ನು ಎತ್ತಿ ನಡುವೆ ನಿಲ್ಲಿಸಿದ. "ನಿಂಬೀ, ಮುಚ್ಚಳ ಎಲ್ಲೈತವ್ವಾ? ಅಪ್ಪಗ ತೋರಸು."

ಅವಳು ಮೇಲಕ್ಕೆ ಬೆರಳು ತೋರಿಸಿದಳು. ಎಲ್ಲರೂ ಮೇಲೆ ನೋಡಿದರು. ಇಬ್ಬರು ಏಣಿ ತರಲು ಓಡಿದರು. ಅಷ್ಟರಲ್ಲಿ ಅವಳು ತನ್ನ ಹೊಟ್ಟೆ ತೋರಿಸಿದಳು. ಆಮೇಲೆ ಬಾಳಪ್ಪನ ಮೀಸೆ ತೋರಿಸಿದಳು. ಒಬ್ಬರು "ಮುಚ್ಚಳ, ಮುಚ್ಚಳ" ಎಂದು ಕೈಯಲ್ಲಿ ಗುಂಡಗೆ ಮಾಡಿ ತೋರಿಸಿದರು, ಇನ್ನೊಬ್ಬರು ಜೋರಾಗಿ ಕೇಳಿದರೆ ತಿಳಿದೀತೆಂದು ಜೋರಾಗಿ ಕೇಳಿದರು, ಪಂಚನೊಬ್ಬ ಗದರಿದ. ಮಗು ಕಿರುಚಿ ಅಳತೊಡಗಿತು. ಸೆಕೆಗೆ ಎಲ್ಲರ ಮುಖ ಕೆಂಪಾಗಿತ್ತು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದು ಯಾರಿಗೂ ಗೊತ್ತಾಗದ ಹಾಗಾಯಿತು.

"ಎಲ್ಲಾರೂ ಹಿಂದ ಸರೀರಿ" ಎಂದೆ ನಾನು. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. "ಆಕೀನ್ನ ಏನೂ ಕೇಳಬ್ಯಾಡ್ರಿ. ಆಕೀಗೆ ನಮ್ಮ ಮಾತು ಬರಂಗಿಲ್ಲ, ನಮಗ ಆಕೀ ಮಾತು ಬರಂಗಿಲ್ಲ."

ಅವಳನ್ನು ಮನೆಗೆ ಎತ್ತಿಕೊಂಡು ಹೋಗಿ ಕಣ್ಣು ಮೂಗು ಒರೆಸಿದೆ. ಉಳಿದದ್ದರಲ್ಲಿ ಮಗ್ಗನ್ನು ಅವಳ ಮುಂದಿಟ್ಟು ಗೋಡೆಗೆ ಒರಗಿ ಕೂತೆ. ಮುಂದೇನು ಮಾಡುತ್ತಾಳೋ ಮಾಡಲಿ, ಹಿಂದೆ ಹೋಗೋಣ ಎಂದು ನನ್ನ ಲೆಕ್ಕ. ಅವಳು ಮೊದಲು ಮಗ್ಗನ್ನು ತಲೆಗೆ ಹಾಕಿಕೊಂಡಳು. ತೆಗೆದಳು. ಒಳಗೆ ಕೈ ಹಾಕಿದಳು. ಅಂಚನ್ನು ಕಚ್ಚಿದಳು. ಅಜ್ಜನ ಗೊರಗೊರ ಸದ್ದು ಬಾವಿಯ ಕಡೆಯಿಂದ ಇಲ್ಲಿಯವರೆಗೂ ಕೇಳುತ್ತಿತ್ತು. ಅವಳನ್ನು ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ.

ಕೊನೆಗೆ ಅವಳು ಎದ್ದಳು. ಮಗ್ಗನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹೊರಟಳು. ಓಣಿಯಲ್ಲಿ ನಿಂತವರೆಲ್ಲ ಗೋಡೆಗೆ ಅಂಟಿಕೊಂಡರು. ಅವಳು ಮೊದಲ ಮನೆಯ ಬಾಗಿಲಿಗೆ ಹೋದಳು, ಹೊಸ್ತಿಲನ್ನು ತಟ್ಟಿದಳು, ಮುಂದೆ ನಡೆದಳು. ಒಂದು ಕಡೆ ಕೂತು ತನ್ನ ಹೆಬ್ಬೆರಳನ್ನು ನೋಡಿದಳು. ಗದರಿದ್ದ ಪಂಚನ ಮುಂದೆ ನಿಂತು ಅವನ ಮೊಣಕಾಲಿನ ಮೇಲೆ ಮಗ್ಗನ್ನು ಇಟ್ಟು ಅದು ಬೀಳುವುದನ್ನು ನೋಡಿದಳು. ಆತ ಅಲುಗಾಡಲಿಲ್ಲ. ಮತ್ತೆ ಎತ್ತಿಕೊಂಡು ನೇರವಾಗಿ ಪರಸಪ್ಪಜ್ಜನ ಮನೆಯೊಳಗೆ ಹೋದಳು.

ಅಜ್ಜನ ಮಂಚ ಖಾಲಿ ಇತ್ತು. ಅದನ್ನು ಕಂಡು ಅವಳು ಗಲಿಬಿಲಿಗೊಂಡು ನಿಂತಳು, ಹಾಸಿಗೆಯನ್ನು ತಟ್ಟಿ ನೋಡಿದಳು. ಆಮೇಲೆ ಮಂಚದ ಪಕ್ಕ ಬಗ್ಗಿ, ಗೋಡೆಯ ಬುಡದಲ್ಲಿದ್ದ ಬಾಯಿಯ ಜಾಲರಿಯನ್ನು ಪಕ್ಕಕ್ಕೆ ಸರಿಸಿ, ಮಗ್ಗನ್ನು ಅದರೆದುರು ಹಿಡಿದು ತನ್ನ ಬಾಯಿಯನ್ನು ದೊಡ್ಡದಾಗಿ ತೆರೆದಳು.

"ಆಂ" ಎಂದಳು. "ಮಮ್ಮ."

ಅವಳು ಗೋಡೆಗೆ ಉಣ್ಣಿಸುತ್ತಿದ್ದಳು. ಬಾಯಿ ಎಂದು ಅದಕ್ಕೆ ಹೆಸರಿಟ್ಟವರು ನಾವು. ಬಟ್ಟಲನ್ನು ಗೋಡೆಗೆ ಕೊಟ್ಟರೆ ಗೋಡೆ ತೆಗೆದುಕೊಳ್ಳುತ್ತದೆ ಎಂದು ದಿನಕ್ಕೆರಡು ಸಲ ಮಾಡಿ ತೋರಿಸಿದವರೂ ನಾವೇ. ಈ ಬಾಯಿ ಗುಳುಕ್ಕನೆ ನುಂಗಿಯೂ ತೋರಿಸಿತ್ತು. ತನಗೆ ಅತಿ ಪ್ರೀತಿಯದ್ದನ್ನೆಲ್ಲ ಅವಳು ಅದಕ್ಕೆ ಕೊಟ್ಟಿದ್ದಳು, ಕೊನೆಗೆ ಮುಚ್ಚಳವನ್ನೂ. ಕೊಟ್ಟದ್ದು ತಿರುಗಿ ಬರಲಿಲ್ಲವೆಂದು ಆಮೇಲೆ ಅತ್ತಿದ್ದಳು.

ಬಾಳಪ್ಪ ಆ ಗೋಡೆಯನ್ನು ಒಡೆದ. ಕೊಳವೆ ಗಂಬಕ್ಕೆ ಸೇರುವ ಕೊನೆಯ ತಿರುವಿನಲ್ಲಿ ಸೌಟು ಅಡ್ಡಲಾಗಿ ಸಿಕ್ಕಿಕೊಂಡಿತ್ತು, ಅದರ ಮೇಲೆ ಮುಚ್ಚಳ ಬಂದು ಹೊಂದಿಸಿ ಮಾಡಿಟ್ಟ ಹಾಗೆ ಕೂತಿತ್ತು. ನೀಲವ್ವ ಅದನ್ನು ಕಿತ್ತು ತೆಗೆದಳು. ಗಂಬ ಒಮ್ಮೆ ಕೆಮ್ಮಿ, ಗುಯ್ಯೆಂದು ಎಳೆಯತೊಡಗಿತು. ಒಡೆದ ಜಾಗಕ್ಕೆ ಬಾಳಪ್ಪ ತೊಗಲಿನ ಪಟ್ಟಿ ಬಿಗಿದು ಹಿಡಿದುಕೊಂಡೇ ನಿಂತ. ನೀಲವ್ವ ಮುಚ್ಚಳವನ್ನು ಹಿಡಿದು ನಕ್ಕಳು, ನಗುತ್ತಲೇ ಅವಳಿಗೆ ಅಳು ಬಂತು. ನಿಂಬೆವ್ವ ಇಬ್ಬರ ಕಡೆಗೂ ನೋಡಲಿಲ್ಲ. ಒಡೆದುಹೋದ ಬಾಯಿಯ ಬಳಿ ಕೂತು, ಪೆಟ್ಟಾದ ಮಗುವಿಗೆ ನಾವು ಮಾಡುವ ಹಾಗೆ, "ಉಫ್, ಉಫ್" ಎಂದು ಊದುತ್ತಿದ್ದಳು.

ಪರಸಪ್ಪಜ್ಜ ಉಳಿದ. ಸುಧಾರಿಸಿಕೊಂಡ ಮೇಲೆ ನಾನು ನಡೆದದ್ದನ್ನು ಹೇಳಿದಾಗ ಅವನು ಮೊದಲು ನಂಬಲಿಲ್ಲ, ಆಮೇಲೆ ಅವಮಾನವಾದವನ ಹಾಗೆ ಮುಖ ಮಾಡಿದ.

"ಗ್ವಾಡಿಗೆ ಉಣಸತಿದ್ಲೇನಬೇ?" ಎಂದ. "ಆಂ ಅಂತಿದ್ಲಲ್ಲಾ, ನನಗ ಉಣಸ್ತಾಳ ಅಂದ್ಕೊಂಡು ನಾ ದಿನಾ ಬಾಯಿ ತಗದು ಕುಂದರತಿದ್ನಿ! ಏನೂ ಬರತಿರಲಿಲ್ಲ. ಹುಡುಗರ ಆಟ, ಸುಳ್ಳ ಉಣಸೂದು ಅಂತ ಅಗದು ನುಂಗತಿದ್ನಿ."

ಪಂಚರು ಕೂಡಿದರು. ಆ ಸಾಮಾನನ್ನೆಲ್ಲ ಕರಗಿಸಿಬಿಡಿ ಎಂದರು ಕೆಲವರು. ಗಂಬವನ್ನು ನೀಲವ್ವನ ಕೈಯಿಂದ ತೆಗೆಯಿರಿ ಎಂದರು ಇನ್ನು ಕೆಲವರು. ನೀಲವ್ವ ಎದ್ದು ನಿಂತು, ಮನೆಮನೆಗೂ ಗಟ್ಟಿ ಜಾಲರಿ ಹಾಕುತ್ತೇನೆ, ಅದಾದ ಮೇಲೂ ಬೇಡವೆಂದರೆ ಬಿಡುತ್ತೇನೆ ಎಂದಳು. ಮೊಣಕಾಲಿನ ಮೇಲೆ ಮಗ್ಗು ಇಡಿಸಿಕೊಂಡಿದ್ದ ಪಂಚ ಎದ್ದುಹೋದ, ಅವನ ಹಿಂದೆ ಉಳಿದವರೂ ಹೋದರು. ತೀರ್ಮಾನ ಏನಾಯಿತೆಂದು ಇವತ್ತಿಗೂ ನಮಗೆ ಸ್ಪಷ್ಟವಿಲ್ಲ. ನೀಲವ್ವ ಜಾಲರಿ ಹಾಕಿದಳು, ಗಂಬ ಅವಳ ಕೈಯಲ್ಲೇ ಇದೆ. ಮುಚ್ಚಳದ ಅಂಚಿಗೆ ತೂತು ಕೊರೆದು, ಉದ್ದನೆಯ ದಾರ ಪೋಣಿಸಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಾಳೆ. ಅವಳು ಎಲ್ಲಿಗೆ ಹೋದರೆ ಮುಚ್ಚಳ ಅಲ್ಲಿಗೆ ಗಲಗಲ ಎಂದು ಹೋಗುತ್ತದೆ, ಮುಚ್ಚಳ ಹೋದಲ್ಲಿಗೆ ಮಗಳೂ ಹೋಗುತ್ತಾಳೆ. ದಿನವೆಲ್ಲ ನನ್ನ ಬಳಿ ಇದ್ದ ಹುಡುಗಿ ಈಗ ತಾಯಿಯ ಹಿಂದೆ ಇರುತ್ತಾಳೆ. ಒಳ್ಳೆಯದೇ. ಮನೆ ಮಾತ್ರ ನನಗೆ ಮೊದಲಿಗಿಂತ ಖಾಲಿ ಕಾಣುತ್ತದೆ. ಮೊದಲೂ ಖಾಲಿಯೇ ಇತ್ತಲ್ಲ, ಈಗ ಯಾಕೆ ಹೀಗೆ ಎಂದು ತಿಳಿಯುವುದಿಲ್ಲ.

ಮೊನ್ನೆ ಬಿಡುವಿನಲ್ಲಿ ಮಗ್ಗನ್ನು ತೊಳೆಯುತ್ತಿದ್ದೆ. ಬೆಳಕಿಗೆ ಹಿಡಿದಾಗ ಅದರ ಅಂಚಿನ ಸುತ್ತಲೂ ಸಣ್ಣ ಸಣ್ಣ ಕಚ್ಚುಗಳು ಕಂಡವು. ನಮ್ಮವಳದೇ ಕೆಲಸ ಎಂದುಕೊಂಡು ಅವಳನ್ನು ಕರೆದು ಬಾಯಿ ತೆರೆಸಿ ಹೊಂದಿಸಿ ನೋಡಿದೆ. ಹೊಂದಲಿಲ್ಲ. ನಿಂಬೆವ್ವನಿಗೆ ಮೇಲಿನ ಎರಡು ಹಲ್ಲುಗಳ ನಡುವೆ ಸಂದು ಇದೆ. ಮಗ್ಗಿನಲ್ಲಿರುವ ಹಲ್ಲುಗುರುತುಗಳು ಒಂದಕ್ಕೊಂದು ತಗುಲಿಕೊಂಡಿವೆ, ಒಂದು ಸ್ವಲ್ಪ ವಾರೆಯಾಗಿದೆ. ಕಚ್ಚುಗಳ ಒಳಗೆ ಹಳೆಯ ಕರಿಮಣ್ಣು ಕೂತಿದೆ.

ಹಾಗಾದರೆ ಅದು ಯಾರು?

ನನ್ನ ಕೋರಿಕೆ ಇಷ್ಟೇ. ಆ ಮಗುವಿನ ಹೆಸರು ನನಗೆ ತಿಳಿಸಬೇಕು. ಹೇಗೆ ತಿಳಿಸುತ್ತೀರೋ ನನಗೆ ಗೊತ್ತಿಲ್ಲ. ಈ ಕಾಗದವನ್ನು ಪೆಟ್ಟಿಗೆ ಸಿಕ್ಕ ಜಾಗದಲ್ಲೇ ಇಟ್ಟು ಮಣ್ಣು ಮುಚ್ಚು ಎನ್ನುತ್ತಾನೆ ಅಜ್ಜ. ಮಣ್ಣು ಹಿಂದಕ್ಕೆ ಹರಿಯುವುದಿಲ್ಲ ಎನ್ನುತ್ತಾನೆ ಬಾಳಪ್ಪ. ಇಬ್ಬರದೂ ಸರಿ ಎನ್ನಿಸುತ್ತದೆ. ಬಹುಶಃ ಆ ಮಗು ಈಗ, ನೀವು ಇದನ್ನು ಓದುವ ಹೊತ್ತಿಗೆ, ಅಡುಗೆಮನೆಯ ನೆಲದ ಮೇಲೆ ಕೂತು ಮಗ್ಗನ್ನು ಕಚ್ಚುತ್ತಿರಬಹುದು, ನೀವು ಮಗ್ಗನ್ನು ಕಿತ್ತುಕೊಳ್ಳಲು ಕೈ ಚಾಚಿರಬಹುದು. ಕಿತ್ತುಕೊಳ್ಳಿ, ಅದರಲ್ಲಿ ತಪ್ಪಿಲ್ಲ, ನಾವೂ ಕಿತ್ತುಕೊಳ್ಳುತ್ತೇವೆ. ಆದರೆ ಅದಕ್ಕೂ ಮೊದಲು ಒಮ್ಮೆ ಮಗುವಿನ ಹೆಸರು ಹಿಡಿದು ಜೋರಾಗಿ ಕರೆಯಿರಿ. ನಾನು ಇಲ್ಲಿ ಕಿವಿಗೊಟ್ಟು ಕೂತಿರುತ್ತೇನೆ.

ಶರಣು.

ನಿಮ್ಮ,
ಫಕೀರವ್ವ